ಸ್ವಿಚ್‌ನ ಸ್ಟಿಕ್ ಕೆಟ್ಟರೆ ಮನೆಯಲ್ಲೋ, ಎಸ್‌ಪಿ ರಸ್ತೆಯಲ್ಲೋ?

ಮಗು ಕೈಬಿಟ್ಟರೂ ಆಟದೊಳಗಿನ ಬೊಂಬೆ ತಾನಾಗೇ ನಡೆಯುತ್ತಿದೆಯೇ? ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರವಾದ ನಿಂಟೆಂಡೊ ಸ್ವಿಚ್‌ನ ಸ್ಟಿಕ್ (ಹೆಬ್ಬೆರಳಿನಿಂದ ತಿರುಗಿಸುವ ಪುಟ್ಟ ಹಿಡಿ) ಸವೆದಿರಬೇಕು. ಮೊದಲು ಸೆಟ್ಟಿಂಗ್ಸ್‌ನಲ್ಲಿ ಕ್ಯಾಲಿಬ್ರೇಷನ್ (ಸ್ಟಿಕ್‌ನ ನಡುಬಿಂದು ಸರಿಹೊಂದಿಸುವುದು) ಮಾಡಿ ನೋಡಿ, ಅದಕ್ಕೆ ಕಾಸು ಬೇಕಿಲ್ಲ.

2017ರ ಮೂಲ ಸ್ವಿಚ್ ಆದರೆ ಸ್ಟಿಕ್ ಇರುವ ಪಕ್ಕದ ಕಂಟ್ರೋಲರ್, ಅಂದರೆ ಜಾಯ್‌ಕಾನ್, ಕಳಚಿ ಬರುತ್ತದೆ, ಮನೆಯಲ್ಲೇ ಸ್ಟಿಕ್ ಬದಲಿಸಬಹುದು. ವೈ ಆಕಾರದ ತುದಿಯ ಸ್ಕ್ರೂಡ್ರೈವರ್ ಬೇಕು. ಒಳಗಿನ ರಿಬ್ಬನ್ ಕೇಬಲ್ ಬಲು ತೆಳು. ಅದನ್ನು ಹಿಡಿದಿರುವ ಪುಟ್ಟ ಲಾಕ್ ಎತ್ತದೆ ಎಳೆದಿರೋ, ಮುಗೀತು ಕಥೆ. ಹಾಕುವುದಾದರೆ ಹಾಲ್ ಎಫೆಕ್ಟ್ ಸ್ಟಿಕ್ ಹಾಕಿ: ಅಯಸ್ಕಾಂತದಿಂದ ಕೆಲಸ ಮಾಡುವುದರಿಂದ ಹಳೆಯದರಂತೆ ಉಜ್ಜಿ ಸವೆಯದು.

ಸ್ವಿಚ್ ಲೈಟ್ ಎಂಬ ಚಿಕ್ಕ ಮಾದರಿಯಲ್ಲಿ ಕಂಟ್ರೋಲರ್ ಕಳಚಿ ಬರುವುದಿಲ್ಲ, ಇಡೀ ಯಂತ್ರ ಬಿಚ್ಚಬೇಕು. ಬೆಂಗಳೂರಿನವರಾದರೆ ಎಸ್‌ಪಿ ರಸ್ತೆಯ ರಿಪೇರಿ ಅಂಗಡಿಗೇ ಕೊಡಿ. ಯಾವ ಬಿಡಿಭಾಗ, ಗ್ಯಾರಂಟಿ ಎಷ್ಟು ದಿನ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮೆಮೊರಿ ಕಾರ್ಡ್ ಮೊದಲೇ ತೆಗೆದಿಟ್ಟುಕೊಳ್ಳಿ.