ಅಪ್ಪನ ಜ್ವರ ಮತ್ತು ಸರ್ಕಾರಿ ಆಸ್ಪತ್ರೆಯ ಜ್ವರ ಪತ್ತೆ ಸೇವೆ: ಐದಕ್ಕೆ ನಾಲ್ಕು

ಕೊಪ್ಪಳ ಜಿಲ್ಲೆಯವರು, ಅದರಲ್ಲೂ ಕುಷ್ಟಗಿ ಕಡೆ ಕುರಿ ಸಾಕುವವರು ಇದನ್ನು ಪೂರ್ತಿ ಓದಿ.

ನಮ್ಮಪ್ಪನಿಗೆ ಎಂಟು ದಿನ ಜ್ವರ ಇಳಿಯಲೇ ಇಲ್ಲ. ಮೊದಲು ಒಂದು ಖಾಸಗಿ ಕ್ಲಿನಿಕ್‌ಗೆ ಹೋದೆವು. ಮಲೇರಿಯಾ, ಡೆಂಗಿ, ಟೈಫಾಯಿಡ್ ಟೆಸ್ಟ್ ಮಾಡಿದರು, ಪ್ಲೇಟ್‌ಲೆಟ್ ಕಡಿಮೆ ಇದೆ ಅಂತ ಎರಡು ದಿನ ಸಲೈನ್ ಹಚ್ಚಿದರು. ಮನೆಯಲ್ಲಿ ಕುರಿ ಇದೆಯಾ, ನಾಯಿ ಇದೆಯಾ ಅಂತ ಒಬ್ಬರೂ ಕೇಳಲಿಲ್ಲ.

ಆಮೇಲೆ ಸರ್ಕಾರಿ ಆಸ್ಪತ್ರೆಗೆ ಕರಕೊಂಡು ಹೋದೆ. ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ "ಅಜ್ಜಾರ, ಅಂಗಿ ತಗೀರಿ" ಅಂದರು. ಅಂಗೈ, ಅಂಗಾಲಿನಲ್ಲೂ ಕೆಂಪು ಚುಕ್ಕೆ ಇತ್ತು. ಉಡದಾರದ ಕೆಳಗೆ ಒಂದು ಕಪ್ಪು ಹಕ್ಕಳೆ. ನೋವೇ ಇಲ್ಲ, ಹಾಗಾಗಿ ಅಪ್ಪನಿಗೂ ಗೊತ್ತಿರಲಿಲ್ಲ. ಉಣ್ಣಿ ಕಚ್ಚಿದ ಜಾಗ ಅದು, ಎಲ್ಲರಿಗೂ ಇಷ್ಟು ಚೆನ್ನಾಗಿ ಕಾಣೋದಿಲ್ಲವಂತೆ. ರೋಗದ ಹೆಸರು ಟಿಕ್ ಟೈಫಸ್. ಟೈಫಾಯಿಡ್ ಬೇರೆ, ಇದು ಬೇರೆ. ರಿಕೆಟ್ಸಿಯಾ ಅನ್ನೋ ಬ್ಯಾಕ್ಟೀರಿಯಾದಿಂದ ಬರುತ್ತೆ. ಓಣಿಯವರು ಮಂಗನ ಕಾಯಿಲೆ ಅಂತ ಗಾಬರಿಯಾದರು, ಆದರೆ 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ರೋಗ ವೈರಸ್‌ನದು, ಅದಕ್ಕೆ ನೇರ ಔಷಧಿ ಇಲ್ಲ, ಇದಕ್ಕೆ ಡಾಕ್ಸಿಸೈಕ್ಲಿನ್ ಇದೆ. ಈ ರೋಗಕ್ಕೆ ಮಾಡೋ ವೀಲ್-ಫೆಲಿಕ್ಸ್ ಅನ್ನೋ ರಕ್ತದ ಟೆಸ್ಟ್ ಮೊದಲ ವಾರದಲ್ಲಿ ನೆಗೆಟಿವ್ ಬರಬಹುದು, ಎಲೈಸಾ ಅನ್ನೋ ಇನ್ನೊಂದು ರಕ್ತದ ಟೆಸ್ಟ್‌ನ ರಿಪೋರ್ಟ್ ತಡವಾಗುತ್ತೆ, ಅದಕ್ಕೆ ಕಾಯೋದು ಬೇಡ ಅಂತ ಅವತ್ತು ಸಂಜೆಯೇ ಮಾತ್ರೆ ಶುರು ಮಾಡಿದರು. ಮೂರನೇ ದಿನ ಅಪ್ಪ ರೊಟ್ಟಿ ಕೇಳಿದರು!

ನನಗೆ ಜಾಸ್ತಿ ಇಷ್ಟವಾಗಿದ್ದು ಆಮೇಲಿನ ಕೆಲಸ. ಆಶಾ ಅಕ್ಕ ಮತ್ತು ಆರೋಗ್ಯ ಸಹಾಯಕಿ ಮನೆಗೇ ಬಂದರು. ನಾಯಿಯ ಕಿವಿ ಮಡಚಿ ನೋಡಿದರು, ಗೋಡೆಯ ಬಿರುಕಿಗೆ ಟಾರ್ಚ್ ಹಾಕಿದರು, ಯಾಕಂದರೆ ನಾಯಿ ಉಣ್ಣಿ ಅಲ್ಲೇ ಅಡಗಿರುತ್ತೆ. ಉಣ್ಣಿಯನ್ನು ಉಗುರಲ್ಲಿ ಕುಕ್ಕಿ ಸಾಯಿಸಬೇಡಿ, ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ಮೆಲ್ಲಗೆ ಎಳೆಯಿರಿ ಅಂದರು. ನಾವು ಇಷ್ಟು ವರ್ಷ ಕುಕ್ಕಿದ್ದೇ ಕುಕ್ಕಿದ್ದು. ಆಮೇಲೆ ಅಕ್ಕಪಕ್ಕದ ಮನೆಗಳಲ್ಲಿ ಯಾರಿಗೆ ಜ್ವರ ಇದೆ ಅಂತ ಕೇಳುತ್ತಾ ಹೋದರು. ಎರಡು ಮನೆ ಆಚೆ ಒಂದು ಹುಡುಗಿಗೆ ಎರಡು ದಿನದಿಂದ ಜ್ವರ ಇತ್ತು, ಅವಳನ್ನು ಅವತ್ತೇ ಆಸ್ಪತ್ರೆಗೆ ಕಳಿಸಿದರು.

ಇದೆಲ್ಲ 2004ರಲ್ಲಿ ಶುರುವಾದ ಐಡಿಎಸ್‌ಪಿ, ಅಂದರೆ ಎಲ್ಲಿ ಯಾವ ರೋಗ ಹರಡುತ್ತಿದೆ ಅಂತ ಕಣ್ಣಿಡೋ ಸರ್ಕಾರಿ ಯೋಜನೆಯ ಲೆಕ್ಕದಲ್ಲಿ ನಡೆಯುತ್ತೆ. ಹಳ್ಳಿಯ ಆರೋಗ್ಯ ಸಿಬ್ಬಂದಿ, ಡಾಕ್ಟರ್, ಲ್ಯಾಬ್ ಮೂವರೂ ಬೇರೆ ಬೇರೆ ಫಾರಂ ತುಂಬಬೇಕು, ಈಗ ಅದು ಆನ್‌ಲೈನ್.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಯಾಕೆ? ಎಲೈಸಾ ರಿಪೋರ್ಟ್ ಆರು ದಿನಕ್ಕೆ ಬಂತು. ಇನ್ನೊಂದು, ಮೊದಲ ಕ್ಲಿನಿಕ್‌ನಿಂದ ಸರ್ಕಾರಿ ಆಸ್ಪತ್ರೆಯವರಿಗೆ ಯಾವ ಮಾಹಿತಿಯೂ ಹೋಗಿರಲಿಲ್ಲ. ಅಪ್ಪ ಅಲ್ಲಿ ಮಲಗಿದ್ದ ಅಷ್ಟೂ ದಿನ ನಮ್ಮ ಓಣಿಯಲ್ಲಿ ಜ್ವರ ಇದೆ ಅಂತ ಸರ್ಕಾರಕ್ಕೆ ಗೊತ್ತೇ ಇಲ್ಲ. ಖಾಸಗಿಯವರೂ ಕಡ್ಡಾಯವಾಗಿ ತಿಳಿಸೋ ಹಾಗೆ ಯಾರಾದರೂ ಬೆನ್ನು ಹತ್ತಬೇಕು ಅಲ್ವಾ?

ಹೋಗೋರು ಬೆಳಗ್ಗೆ ಬೇಗ ಹೋಗಿ, ಸೋಮವಾರ ರಶ್ ಜಾಸ್ತಿ. ಮನೆಯಲ್ಲಿ ಕುರಿ, ನಾಯಿ ಇದ್ದರೆ ಡಾಕ್ಟರ್ ಕೇಳೋ ತನಕ ಕಾಯಬೇಡಿ, ಕೂತ ತಕ್ಷಣ ನೀವೇ ಹೇಳಿ.