ತುಕ್ಕು ಕಪ್ಪಾಗಿಸುವ ದ್ರಾವಣ: ಕಾರವಾರದ ಹಳೆಯ 407ರ ಮೇಲೆ ಒಂದು ಮಳೆಗಾಲದ ಪರೀಕ್ಷೆ

ರಸ್ಟ್ ಕನ್ವರ್ಟರ್ ಎಂಬ ಹೆಸರಿನಲ್ಲಿ ಬಣ್ಣದಂಗಡಿಗಳಲ್ಲಿಯೂ ಆನ್‌ಲೈನ್ ಮಳಿಗೆಗಳಲ್ಲಿಯೂ ಸಿಗುವ ಬಿಳಿಯ ದ್ರಾವಣವನ್ನು ನನ್ನ ಹಳೆಯ ಟಾಟಾ 407 ಲಾರಿಗೆ ಸ್ವತಃ ಹಚ್ಚಿ, ಒಂದು ಪೂರ್ತಿ ಮಳೆಗಾಲ ಕಳೆದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ತುಕ್ಕು ತೆಳುವಾಗಿದ್ದು ಅಡಿಯ ಕಬ್ಬಿಣ ಗಟ್ಟಿಯಾಗಿದ್ದಲ್ಲಿ ಇದು ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ. ಆದರೆ ಕರಾವಳಿಯ ಲಾರಿಗೆ ಇದನ್ನು ಹಚ್ಚುವ ಮೊದಲು ಉಪ್ಪು ತೊಳೆಯುವ ಕೆಲಸವೊಂದಿದೆ. ಡಬ್ಬಿಯ ಮೇಲಿನ ಸೂಚನೆ ಅದನ್ನು ‘ಸ್ವಚ್ಛಗೊಳಿಸಿ’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತದೆ, ಇಡೀ ಕೆಲಸ ಉಳಿಯುವುದೂ ಕೆಡುವುದೂ ಅಲ್ಲಿಯೇ. ಯಾವ ಕಂಪನಿಯ ಡಬ್ಬಿ ಎಂದು ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. ಟ್ಯಾನಿಕ್ ಆಮ್ಲವನ್ನೂ ನೀರಿನಲ್ಲಿ ಬೆರೆಸಿದ ಪಾಲಿಮರನ್ನೂ ಸೇರಿಸಿ ಮಾಡಿದ ಯಾವುದೇ ಡಬ್ಬಿಗೂ ಇಲ್ಲಿಯ ಮಾತುಗಳು ಹೆಚ್ಚುಕಡಿಮೆ ಸಲ್ಲುತ್ತವೆ.

407 ಮಾರುಕಟ್ಟೆಗೆ ಬಂದದ್ದು 1986ರಲ್ಲಿ. ನನ್ನದು ತೊಂಬತ್ತರ ದಶಕದ ಗಾಡಿ, ಕೆಎ-30 ನೋಂದಣಿಯದು. ನನ್ನ ಕೈಗೆ ಬರುವ ಮೊದಲು ಅದು ಬೈತಕೋಲ ಬಂದರಿನಿಂದ ಮೀನು ಸಾಗಿಸುತ್ತಿತ್ತು. 66ನೇ ಹೆದ್ದಾರಿಯಲ್ಲಿ ಮೀನಿನ ಲಾರಿಯ ಹಿಂದೆ ಬೈಕಿನಲ್ಲಿ ಹೋದವರಿಗೆ ಅದರಿಂದ ಸುರಿಯುವ ನೀರು ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ. ಐಸು ಕರಗಿ, ಮೀನಿನ ಉಪ್ಪುನೀರಿನೊಡನೆ ಸೇರಿ, ಬಾಡಿಯ ಹಲಗೆಗಳ ಸಂದಿಯಿಂದ ಚಾಸಿಯ ಮೇಲೆ ವರ್ಷಗಟ್ಟಲೆ ತೊಟ್ಟಿಕ್ಕಿತ್ತು. ಈಗ ಚಿರೆಕಲ್ಲು, ತೆಂಗಿನಕಾಯಿ, ಗೊಬ್ಬರದ ಚೀಲಗಳನ್ನು ಹೊರುವ ಈ ಗಾಡಿಯ ಎಂಜಿನ್ನಿನ ಬಗ್ಗೆ ನನಗೆ ಯಾವ ದೂರೂ ಇಲ್ಲ; ತೊಂದರೆಯೆಲ್ಲ ತಗಡಿನದು.

ಕ್ಯಾಬಿನ್ನಿನಲ್ಲಿ ಚಾಲಕನ ಕಾಲಡಿಯ ರಬ್ಬರ್ ಮ್ಯಾಟನ್ನು ಎತ್ತಿದರೆ ತಗಡಿನ ಬದಲು ರಸ್ತೆಯೇ ಕಾಣುತ್ತಿದ್ದ ಜಾಗವೊಂದಿತ್ತು. ಬಾಗಿಲುಗಳ ಕೆಳಅಂಚಿನಲ್ಲಿ ನೀರು ಇಳಿದುಹೋಗಲೆಂದು ಬಿಟ್ಟಿದ್ದ ತೂತುಗಳು ಮಣ್ಣಿನಿಂದ ಕಟ್ಟಿಕೊಂಡು, ಒಳಗೆ ನಿಂತ ನೀರು ಅಂಚನ್ನು ಒಳಗಿನಿಂದ ತಿಂದುಹಾಕಿತ್ತು. ಮುಂಭಾಗದ ಗಾಜಿನ ರಬ್ಬರ್ ಬೀಡಿಂಗಿನ ಕೆಳಗೆ ಬಣ್ಣ ಉಬ್ಬಿಕೊಂಡಿತ್ತು. ಬ್ಯಾಟರಿ ಕೂರಿಸುವ ತಟ್ಟೆ, ಚಾಸಿಯ ಅಡ್ಡಪಟ್ಟಿಗಳು, ಚಾಸಿಗೂ ಬಾಡಿಗೂ ನಡುವೆ ಇಟ್ಟ ಮರದ ಪಟ್ಟಿಯ ಅಡಿಭಾಗ, ಇವೆಲ್ಲ ತುಕ್ಕಿನ ತವರುಮನೆಗಳೇ. ಆ ಮರದ ಪಟ್ಟಿ ಒಮ್ಮೆ ನೆನೆದರೆ ಬೇಗ ಒಣಗುವುದಿಲ್ಲ. ಹಳೆಯ ಲಾರಿ ಕೊಳ್ಳಲು ಹೊರಟವರು ಮೊದಲು ಅಲ್ಲಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಬೇಕು, ಹೊಳೆಯುವ ಬಾನೆಟ್ಟನ್ನಲ್ಲ.

ದ್ರಾವಣ ಕೆಲಸ ಮಾಡುವ ಬಗೆ ನಮ್ಮ ಕಡೆಯವರಿಗೆ ಹೊಸದೇನಲ್ಲ. ಅಣಲೆಕಾಯಿಯ ಕಷಾಯಕ್ಕೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಹಿಂದೆ ಬರೆಯುವ ಶಾಯಿಯನ್ನು ಹಾಗೆಯೇ ಮಾಡುತ್ತಿದ್ದರು. ಶಿರಸಿ, ಸಿದ್ದಾಪುರದ ಕಡೆ ಹಸಿ ಅಡಿಕೆ ಸುಲಿಯುವ ಕತ್ತಿಯೂ ಸುಲಿಯುವವರ ಬೆರಳುಗಳೂ ಕಪ್ಪಾಗುವುದನ್ನು ಎಲ್ಲರೂ ನೋಡಿದ್ದಾರೆ. ಕಾಯಿಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಕೂಡಿ ನೀಲಿಗಪ್ಪು ಬಣ್ಣದ, ನೀರಿಗೆ ಸುಲಭವಾಗಿ ಕರಗದ ಸಂಯುಕ್ತವಾಗುತ್ತದೆ. ಡಬ್ಬಿಯ ದ್ರಾವಣವೂ ಇದನ್ನೇ ಮಾಡುತ್ತದೆ, ಜೊತೆಗಿರುವ ಪಾಲಿಮರ್ ಒಣಗಿ ಮೇಲೊಂದು ಪೊರೆಯನ್ನು ಕಟ್ಟುತ್ತದೆ. ಇದರಿಂದ ಎರಡು ವಿಷಯಗಳು ತಾವಾಗಿಯೇ ಸ್ಪಷ್ಟವಾಗುತ್ತವೆ. ಗ್ರೈಂಡರಿನಿಂದ ಫಳಫಳ ಹೊಳೆಯುವಂತೆ ಉಜ್ಜಿದ ತಗಡಿಗೆ ಇದನ್ನು ಹಚ್ಚಿ ಪ್ರಯೋಜನವಿಲ್ಲ, ಏಕೆಂದರೆ ಅಲ್ಲಿ ಕೂಡಿಕೊಳ್ಳಲು ತುಕ್ಕೇ ಇರುವುದಿಲ್ಲ. ಪದರು ಪದರಾಗಿ ಎದ್ದ ದಪ್ಪ ತುಕ್ಕಿನ ಮೇಲೆ ಹಚ್ಚಿದರೂ ಪ್ರಯೋಜನವಿಲ್ಲ, ಏಕೆಂದರೆ ದ್ರಾವಣ ಮೇಲಿನ ಪದರನ್ನಷ್ಟೇ ಕಪ್ಪಾಗಿಸಿ ನಿಲ್ಲುತ್ತದೆ ಮತ್ತು ಕೆಳಗಿನ ಕೆಂಪು ತುಕ್ಕು ಮೇಲಿನ ಕಪ್ಪನ್ನು ಹೊತ್ತುಕೊಂಡೇ ಒಂದು ದಿನ ಕಳಚಿ ಬೀಳುತ್ತದೆ.

ಇನ್ನು ಉಪ್ಪಿನ ಮಾತು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಡುಗೆಯ ಉಪ್ಪು ಗಾಳಿಯ ಆರ್ದ್ರತೆ ಶೇ. 75ನ್ನು ದಾಟಿದರೆ ತಾನಾಗಿಯೇ ನೀರೊಡೆಯುತ್ತದೆ. ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಅದರ ಅರ್ಧದಷ್ಟು ಆರ್ದ್ರತೆಯೂ ಬೇಕಾಗಿಲ್ಲ. ಹೀಗಾಗಿ ತುಕ್ಕಿನ ಸಣ್ಣ ಗುಳಿಗಳೊಳಗೆ ಸೇರಿಕೊಂಡ ಉಪ್ಪು, ಕಣ್ಣಿಗೆ ಒಣಗಿದಂತೆ ಕಂಡರೂ, ಕಾರವಾರದ ಗಾಳಿಯಲ್ಲಿ ವರ್ಷದ ಬಹುಪಾಲು ದಿನ ತೇವವಾಗಿಯೇ ಇರುತ್ತದೆ. ಟ್ಯಾನಿನ್ ಈ ಉಪ್ಪಿನಲ್ಲಿರುವ ಕ್ಲೋರೈಡನ್ನು ತೆಗೆದುಹಾಕುವುದಿಲ್ಲ. ಅದರ ಮೇಲೆ ಕಪ್ಪು ಪೊರೆ ಕಟ್ಟಿದರೆ ಉಪ್ಪನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗಾಗುತ್ತದೆ, ಅಷ್ಟೆ. ಘಟ್ಟದ ಮೇಲೆ ಚೆನ್ನಾಗಿ ನಿಂತ ದ್ರಾವಣ ಕೆಳಗೆ ನಿಲ್ಲುವುದಿಲ್ಲವೆಂದು ದೂರುವವರ ಲಾರಿಗಳಲ್ಲಿ ಬಹುಮಟ್ಟಿಗೆ ಆಗಿರುವುದು ಇದೇ ಎಂಬುದು ನನ್ನ ಅಭಿಪ್ರಾಯ.

ತೊಳೆಯುವುದಕ್ಕೆ ನಾನು ಬಾವಿಯ ನೀರನ್ನು ಬಳಸಲಿಲ್ಲ. ಕಡಲಂಚಿನ ಬಾವಿಗಳು ಬೇಸಿಗೆಯಲ್ಲಿ ತಾವೇ ಉಪ್ಪಾಗುತ್ತವೆ. ಮಳೆಗಾಲದಲ್ಲಿ ಹಂಚಿನ ಮಾಡಿನಿಂದ ಇಳಿದು ಡ್ರಮ್ಮಿನಲ್ಲಿ ತುಂಬಿಟ್ಟಿದ್ದ ನೀರು ಇದಕ್ಕೆ ಒದಗಿತು. ಮೊದಲು ಸುತ್ತಿಗೆ ಮತ್ತು ಉಳಿಯಿಂದ ಪದರು ತುಕ್ಕನ್ನು ಕೆತ್ತಿ, ಗ್ರೈಂಡರಿಗೆ ತಂತಿಯ ಕಪ್ ಬ್ರಷ್ ಹಾಕಿ ಉಜ್ಜಿ, ನೀರು ಹೊಯ್ದು ಬ್ರಷ್ಷಿನಿಂದ ತಿಕ್ಕಿ, ಒಂದು ರಾತ್ರಿ ಬಿಟ್ಟು ಮತ್ತೆ ತೊಳೆಯಬೇಕು. ಹೀಗೆ ಬಿಡುವುದಕ್ಕೆ ಕಾರಣವಿದೆ: ಗುಳಿಯೊಳಗಿನ ಉಪ್ಪು ಬೆಳಗಾಗುವಷ್ಟರಲ್ಲಿ ಗಾಳಿಯ ತೇವವನ್ನು ಹೀರಿಕೊಂಡು ಸಣ್ಣ ಕಂದು ಹನಿಗಳಾಗಿ ಹೊರಗೆ ಒಸರುತ್ತದೆ. ಚಾಸಿಯ ಎಡಪಟ್ಟಿಯ ಒಳಮೈಯಲ್ಲಿ, ಮೀನಿನ ನೀರು ಇಳಿಯುತ್ತಿದ್ದ ಜಾಗದಲ್ಲಿ, ಸಾಸಿವೆ ಕಾಳಿನಷ್ಟು ದೊಡ್ಡ ಇಂಥ ಹನಿಗಳು ಸಾಲಾಗಿ ನಿಂತಿದ್ದವು. ಬೆರಳಿನಿಂದ ಒರೆಸಿದರೆ ಅಡಿಯಲ್ಲಿ ಕಪ್ಪು ಚುಕ್ಕೆಯಂಥ ಗುಳಿ ಕಾಣುತ್ತಿತ್ತು. ಆ ಹನಿಗಳು ಏಳುವುದು ನಿಲ್ಲುವ ತನಕ ತೊಳೆಯುವುದೇ ಸರಿ. ಇನ್ನೂ ಖಚಿತವಾಗಿ ತಿಳಿಯಬೇಕೆನ್ನುವವರು ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ದ್ರಾವಣದ ಒಂದು ಹನಿ ಹಾಕಿ ನೋಡಬಹುದು. ಕ್ಲೋರೈಡ್ ಇದ್ದರೆ ನೀರು ಬೆಳ್ಳಗೆ ಕದಡುತ್ತದೆ, ಆದರೆ ತೊಳೆಯುವ ಮೊದಲಿನ ನೀರಿಗೂ ಒಂದು ಹನಿ ಹಾಕಿ ಹೋಲಿಸುವುದನ್ನು ಮರೆಯಬಾರದು.

ಚಾಸಿಗೆ ಸುಟ್ಟ ಎಂಜಿನ್ ಆಯಿಲ್ ಬಳಿಯುವ ರೂಢಿ ಇಲ್ಲಿಯ ಲಾರಿಯವರಲ್ಲಿದೆ. ಮಳೆಗಾಲಕ್ಕೆ ಮುಂಚೆ ಬಳಿದರೆ ನೀರನ್ನು ಸ್ವಲ್ಪ ಕಾಲ ತಡೆಯುತ್ತದೆ ಎಂಬುದು ನಿಜ, ಆದರೆ ರಬ್ಬರ್ ಬುಷ್‌ಗಳನ್ನು ಮೆತ್ತಗಾಗಿಸುತ್ತದೆ, ರಸ್ತೆಗೆ ತೊಟ್ಟಿಕ್ಕುತ್ತದೆ. ಅದನ್ನು ಬಳಿದ ಲಾರಿಗೆ ಈ ದ್ರಾವಣ ಅಂಟುವುದೇ ಇಲ್ಲ. ಅಂಥ ಚಾಸಿಯನ್ನು ಮೊದಲು ಡೀಸೆಲ್ಲಿನಿಂದಲೂ ನಂತರ ಸೋಪಿನ ನೀರಿನಿಂದಲೂ ತಿಕ್ಕಿ ಜಿಡ್ಡು ಬಿಡಿಸಬೇಕು.

ಹಚ್ಚುವುದು ಸುಲಭ, ನೋಡುವುದಕ್ಕೆ ಖುಷಿಯೂ ಹೌದು. ಬಿಳಿಯಾಗಿ ಹಚ್ಚಿದ ದ್ರಾವಣ ಕೆಲವೇ ನಿಮಿಷಗಳಲ್ಲಿ ಕಂದಾಗಿ, ನೇರಳೆಯಾಗಿ, ಕಡೆಗೆ ಕಪ್ಪಾಗುತ್ತದೆ. ಅರ್ಧ ಗಂಟೆ ಬಿಟ್ಟು ಎರಡನೆಯ ಕೋಟ್ ಕೊಟ್ಟು, ಮೇಲೆ ಬಣ್ಣ ಹಚ್ಚುವ ಮುನ್ನ ಒಂದು ದಿನ ಪೂರ್ತಿ ಬಿಡಬೇಕು. ಬ್ರಷ್ಷನ್ನು ಡಬ್ಬಿಗೆ ಅದ್ದಬಾರದು: ಬ್ರಷ್ಷಿಗೆ ಅಂಟಿದ ತುಕ್ಕಿನ ಪುಡಿ ಡಬ್ಬಿಯೊಳಗೆ ಹೋದರೆ ಅಲ್ಲಿಯೇ ಕೂಡಿಕೊಳ್ಳಲು ಆರಂಭಿಸಿ ಇಡೀ ದ್ರಾವಣವನ್ನು ಗಟ್ಟಿಯಾಗಿಸುತ್ತದೆ. ಬೇಕಾದಷ್ಟನ್ನು ಬೇರೆ ಬಟ್ಟಲಿಗೆ ಸುರಿದುಕೊಂಡು, ಉಳಿದದ್ದನ್ನು ಮರಳಿ ಡಬ್ಬಿಗೆ ಹಾಕದೆ ಚೆಲ್ಲುವುದು ಕ್ಷೇಮ. ದೀಪಾವಳಿ ಕಳೆದ ಮೇಲಿಂದ ಶಿವರಾತ್ರಿಯ ತನಕ ಇಲ್ಲಿ ಈ ಕೆಲಸಕ್ಕೆ ಹದವಾದ ಕಾಲ. ಅದರಲ್ಲಿಯೂ ಇಬ್ಬನಿ ಆರಿದ ನಂತರ, ಮಧ್ಯಾಹ್ನದ ಕಡಲಗಾಳಿ ಬಲಗೊಳ್ಳುವ ಮುಂಚಿನ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ಸಂಜೆ ಉಜ್ಜಿ ಬೆತ್ತಲೆ ಬಿಟ್ಟ ತಗಡು ಮರುದಿನ ಬೆಳಗಿಗೆ ಕಂದಾಗಿರುತ್ತದೆ.

ತೂತಾದ ತಗಡಿನ ವಿಚಾರದಲ್ಲಿ ದ್ರಾವಣದ ಜಾಹೀರಾತುಗಳು ಜಾಣತನದಿಂದ ಮೌನವಾಗಿರುತ್ತವೆ. ನನಗೆ ಕ್ಯಾಬಿನ್ನಿನ ನೆಲವನ್ನು ಬೆಸೆಯಲು ನೆರವಾದ ಟಿಂಕರಿಂಗ್ ಮೇಸ್ತ್ರಿ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, “ತೂತಿಗೆ ಮದ್ದು ಹಚ್ಚೂದಲ್ಲ ಮಾರಾಯ್ರೆ, ತಗಡು ಹಚ್ಚೂದು” ಎಂದರು. ಅವರ ಮಾತಿನಂತೆಯೇ ತುಕ್ಕಿನ ಅಂಚಿನಿಂದ ಎರಡು ಬೆರಳಷ್ಟು ಆಚೆಗೆ, ಬಡಿದರೆ ಗಟ್ಟಿ ಸದ್ದು ಬರುವ ತಗಡು ಸಿಗುವ ತನಕ ಕತ್ತರಿಸಿ ತೆಗೆದೆವು. ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಅದರಂತೆ 18 ಗೇಜಿನ, ಎಂದರೆ ಸುಮಾರು 1.2 ಮಿ.ಮೀ. ದಪ್ಪದ ತಗಡನ್ನು ಬಗ್ಗಿಸಿ ಕೂರಿಸಲಾಯಿತು. ಬಾಗಿಲಿನ ಅಂಚಿಗೆ 20 ಗೇಜು ಸಾಕಾಯಿತು. ಕಡ್ಡಿ ಹಾಕಿ ಮಾಡುವ ಆರ್ಕ್ ವೆಲ್ಡಿಂಗ್ ಚಾಸಿಗೆ ಸರಿ, ಕ್ಯಾಬಿನ್ನಿನ ತೆಳು ತಗಡನ್ನು ಅದು ಸುಟ್ಟು ತೂತನ್ನು ಇನ್ನಷ್ಟು ದೊಡ್ಡದು ಮಾಡುತ್ತದೆ. ತಂತಿಯನ್ನೂ ಅನಿಲವನ್ನೂ ಬಳಸುವ ಸಿಒ2 ವೆಲ್ಡಿಂಗ್ ಇರುವ ವರ್ಕ್‌ಶಾಪನ್ನೇ ಹುಡುಕಬೇಕು, ಮತ್ತು ಒಂದೇ ಎಳೆತದಲ್ಲಿ ಬೆಸೆಯದೆ ಅಲ್ಲಲ್ಲಿ ಚುಕ್ಕೆ ಹಾಕಿ, ತಣಿಯಲು ಬಿಟ್ಟು, ನಡುವಿನ ಜಾಗವನ್ನು ತುಂಬಿಸುತ್ತ ಹೋಗಬೇಕು. ಇಲ್ಲವಾದರೆ ತಗಡು ಸೊಟ್ಟಗಾಗುತ್ತದೆ. ಬ್ಯಾಟರಿ ಮತ್ತು ಆಲ್ಟರ್ನೇಟರಿನ ತಂತಿಗಳನ್ನು ಕಳಚದೆ, ಡೀಸೆಲ್ ಪೈಪನ್ನು ದೂರ ಸರಿಸದೆ, ಕನ್ನಡಕ ಹಾಕದೆ ಈ ಕೆಲಸಕ್ಕೆ ಕೈಯಿಡಬಾರದು. ಸತುವಿನ ಲೇಪವಿರುವ ತಗಡಾದರೆ ಬೆಸೆಯುವ ಜಾಗದ ಲೇಪವನ್ನು ಉಜ್ಜಿ ತೆಗೆಯಬೇಕು, ಅದರ ಬಿಳಿ ಹೊಗೆ ಕುಡಿದವರಿಗೆ ಜ್ವರ ಬರುತ್ತದೆ.

ಬೆಸುಗೆ ಮುಗಿದ ಹೊಸ ತಗಡಿಗೆ ಕನ್ವರ್ಟರ್ ಬೇಡ, ಎರಡು ಭಾಗಗಳನ್ನು ಬೆರೆಸುವ ಎಪಾಕ್ಸಿ ಪ್ರೈಮರ್ ಬೇಕು. ಪುಟ್ಟಿಯನ್ನು ಪ್ರೈಮರಿನ ಮೇಲೆಯೇ, ಅದೂ ತೆಳುವಾಗಿ ಹಾಕಬೇಕು. ಪಾಲಿಯೆಸ್ಟರ್ ಪುಟ್ಟಿ ನೀರು ಹೀರುವ ವಸ್ತು. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಎಫ್‌ಸಿಗೆ, ಎಂದರೆ ಆರ್‌ಟಿಒದ ಫಿಟ್‌ನೆಸ್ ತಪಾಸಣೆಗೆ, ಕೊಂಡೊಯ್ಯುವ ಪದ್ಧತಿಯನ್ನು ನೋಡದವರು ಕಡಿಮೆ; 8 ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷವೂ ಎಫ್‌ಸಿ ಆಗಬೇಕಾದ್ದರಿಂದ, ಪ್ರತಿ ವರ್ಷವೂ ಆ ಪುಟ್ಟಿಯ ಖರ್ಚು ಬರುತ್ತಲೇ ಇರುತ್ತದೆ. ಬಣ್ಣದ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ: ಆರ್‌ಸಿಯಲ್ಲಿರುವ ಬಣ್ಣವನ್ನೇ ಹೊಡೆಯಿರಿ.

ಈಗ ಫಲಿತಾಂಶಕ್ಕೆ ಬರುತ್ತೇನೆ. ಕಾರವಾರದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಅಷ್ಟನ್ನೂ ಉಂಡ ಮೇಲೆ ಚಾಸಿಯ ಪಟ್ಟಿಗಳು, ಬ್ಯಾಟರಿ ತಟ್ಟೆ, ಅಡ್ಡಪಟ್ಟಿಗಳ ಬಯಲು ಮೈ, ಇಲ್ಲೆಲ್ಲ ಕಪ್ಪು ಪೊರೆಯೂ ಅದರ ಮೇಲಿನ ಎಪಾಕ್ಸಿಯೂ ಗಟ್ಟಿಯಾಗಿ ನಿಂತಿವೆ. ಉಗುರಿನಿಂದ ಕೆರೆದರೂ ಏಳುವುದಿಲ್ಲ. ಎರಡು ತಗಡುಗಳು ಒಂದರ ಮೇಲೊಂದು ಕೂತು ಬೆಸೆದುಕೊಂಡ ಅಂಚುಗಳಲ್ಲಿ ಮಾತ್ರ ಕಂದು ಗೆರೆ ಮರಳಿ ಕಾಣಿಸಿದೆ. ಅಲ್ಲಿಗೆ ಬ್ರಷ್ಷೂ ತಲುಪುವುದಿಲ್ಲ, ತೊಳೆಯುವ ನೀರೂ ತಲುಪುವುದಿಲ್ಲ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುವುದರಿಂದ ಅದು ಅಂಥ ಸಂದಿಯನ್ನು ಒಳಗಿನಿಂದಲೇ ಬಿರಿಸುತ್ತದೆ. ಅಂಥ ಜಾಗಕ್ಕೆ ಈ ದ್ರಾವಣವಲ್ಲ, ಒಳಗೆ ಹರಿದು ಕೂರುವ ಮೇಣದ ಸ್ಪ್ರೇ ತಕ್ಕುದು. ಬಾಗಿಲಿನ ಒಳಗಡೆ ನಾನು ಅದನ್ನೇ ಹೊಡೆದಿದ್ದೆ, ನೀರಿಳಿಯುವ ತೂತುಗಳನ್ನು ಬಿಡಿಸಿ ಸ್ವಚ್ಛವಾಗಿಟ್ಟಿದ್ದೆ. ಅಲ್ಲಿ ಹೊಸ ತುಕ್ಕು ಕಂಡಿಲ್ಲ. ತೂತು ಬಿಡಿಸುವ ಕೆಲಸಕ್ಕೆ ತಗಲಿದ ಖರ್ಚು ಒಂದು ತುಂಡು ಸೈಕಲ್ ಕಡ್ಡಿ.

ಅಳತೆಗೆ ಅಳತೆ ಹೋಲಿಸಿದರೆ ಕನ್ವರ್ಟರ್ ಸಾಮಾನ್ಯ ರೆಡ್ ಆಕ್ಸೈಡ್ ಪ್ರೈಮರಿಗಿಂತ ಹಲವು ಪಟ್ಟು ದುಬಾರಿ. ಇಡೀ ಲಾರಿಗೆ ಬಳಿಯುವ ವಸ್ತು ಇದಲ್ಲ. ಗ್ರೈಂಡರ್ ತಲುಪದ, ಆದರೆ ಬ್ರಷ್ಷೂ ನೀರೂ ತಲುಪುವ ಗಟ್ಟಿ ಕಬ್ಬಿಣಕ್ಕೆ ಮಾತ್ರ ಇದು ಯೋಗ್ಯ. ಶಿರಸಿ, ಯಲ್ಲಾಪುರದ ಕಡೆಯ ಗಾಡಿಗಳವರು ಮಣ್ಣು, ಜಿಡ್ಡು ತೊಳೆದು ನಿರಾತಂಕವಾಗಿ ಹಚ್ಚಬಹುದು. ಅಂಕೋಲಾ, ಕುಮಟಾ, ಹೊನ್ನಾವರದ ಗಾಡಿಗಳವರು, ಅದರಲ್ಲಿಯೂ ಮೀನು ಹೊತ್ತ ಗಾಡಿ ಕೊಂಡವರು, ಕಂದು ಹನಿ ಏಳುವುದು ನಿಂತ ಮೇಲೆಯೇ ಡಬ್ಬಿಯ ಮುಚ್ಚಳ ತೆಗೆಯಲಿ. ಕೊಳ್ಳುವಾಗ ತಯಾರಾದ ತಿಂಗಳನ್ನು ನೋಡಿ, ಡಬ್ಬಿಯನ್ನು ಅಲುಗಾಡಿಸಿ ಒಳಗೆ ದ್ರವ ಸರಿಯಾಗಿ ಹರಿಯುತ್ತದೆಯೇ ಎಂದು ಪರೀಕ್ಷಿಸಿ. 407ರಷ್ಟು ದೊಡ್ಡ ಗಾಡಿಗೂ ಅರ್ಧ ಲೀಟರ್ ಧಾರಾಳವಾಗಿ ಸಾಕು. ನಾನು ಮುಂದಿನ ಸಲ ಅಷ್ಟನ್ನೇ ತಂದು, ಉಳಿದ ಹಣವನ್ನು ಎಪಾಕ್ಸಿ ಪ್ರೈಮರಿಗೂ ಮೇಣದ ಸ್ಪ್ರೇಗೂ ಹಾಕುತ್ತೇನೆ.