ಸೈಕಲ್ಲಿಗೆ ಎಂಜಿನ್ ಕೂರಿಸಿಕೊಂಡು ದೂರ ಹೊರಡುವವರು ಹಿಂದಿನ ಚಕ್ರವನ್ನು ನೋಡಿ

ಹಳೆಯ ಸೈಕಲ್ಲಿಗೆ ಸಣ್ಣ ಪೆಟ್ರೋಲ್ ಎಂಜಿನ್ ಕೂರಿಸಿ, ‘ಇದರಲ್ಲಿ ಗೋವಾಕ್ಕೂ ಹೋಗಿಬರಬಹುದು’ ಎಂದು ಮಾರುವವರು ನನಗೆ ದಾವಣಗೆರೆಯಲ್ಲಿ ಸಿಕ್ಕಿದರು. ನಿಮಗೂ ಸಿಗಬಹುದು. ಅವರ ಮೊಬೈಲಿನಲ್ಲಿ ಒಂದು ವಿಡಿಯೊ ಇರುತ್ತದೆ: ಖಾಲಿ ರಸ್ತೆ, ಕೈ ಬಿಟ್ಟು ಓಡಿಸುವ ಹುಡುಗ, ಹಿನ್ನೆಲೆಗೊಂದು ಹಾಡು. ಎಂಜಿನ್ ಫಳಫಳ ಹೊಳೆಯುತ್ತಿರುತ್ತದೆ. ಹಿಂದಿನ ಚಕ್ರದ ಎಡಬದಿಯನ್ನು ಮಾತ್ರ ಯಾರೂ ತೋರಿಸುವುದಿಲ್ಲ. ನನ್ನ ಕೊರಳೆಲುಬು ಮುರಿದದ್ದು ಆ ಎಡಬದಿಯಿಂದ. ವರ್ಕ್‌ಶಾಪಿನ ಹೆಸರು ಬರೆಯುವುದಿಲ್ಲ, ಕೆಲಸ ಹೇಗಿತ್ತು ಎಂಬುದನ್ನಷ್ಟೇ ಬರೆಯುತ್ತೇನೆ.

ನಾನು ಕೇಳಿದ್ದು ದೊಡ್ಡದೇನಲ್ಲ. ದಾವಣಗೆರೆಯಿಂದ ಹೊರಟು ಚಿತ್ರದುರ್ಗ, ಹಿರಿಯೂರು ದಾಟಿ ವಾಣಿವಿಲಾಸ ಸಾಗರದವರೆಗೆ, ಅಂದರೆ ನೂರು ಕಿಲೋಮೀಟರ್ ಮೀರುವ ದಾರಿಯನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ನೆಮ್ಮದಿಯಾಗಿ ಸಾಗಬೇಕು. ಇದನ್ನು ಕಾಗದದಲ್ಲಿ ಬರೆದೇ ಕೊಟ್ಟಿದ್ದೆ. ಮಾಲೀಕರು ಕಾಗದವನ್ನು ಮಡಚಿ ಜೇಬಿಗಿಟ್ಟು, ‘ಮೂವತ್ತು ಯಾಕೆ ಸರ್, ಐವತ್ತರಲ್ಲಿ ಹೋಗಿ’ ಎಂದರು. ₹28,000ಕ್ಕೆ ಮಾತಾಯಿತು, ಅರ್ಧ ಮುಂಗಡ. ಸೈಕಲ್ಲನ್ನು ಆರಿಸಿದವರೂ ಅವರೇ. ಹಾಲಿನವರು ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದ ಕಪ್ಪು ದೊಡ್ಡ ಸೈಕಲ್, ಸರಳಿನ ಬ್ರೇಕಿನದು. ‘ಇದು ಕಬ್ಬಿಣ ಸರ್, ಈಗಿನವೆಲ್ಲ ಕಾಗದ’ ಎಂದು ಅದರ ಅಡ್ಡಕಂಬಿಯನ್ನು ತಟ್ಟಿ ತೋರಿಸಿದರು.

ಎಂಜಿನ್ನಿನ ಮೇಲೆ 80 ಸಿಸಿ ಎಂಬ ಸ್ಟಿಕ್ಕರ್ ಇತ್ತು. ಸಿಲಿಂಡರಿನ ಒಳವ್ಯಾಸ 47 ಮಿ.ಮೀ., ಪಿಸ್ಟನ್ನಿನ ಓಡಾಟ 40 ಮಿ.ಮೀ. ಗುಣಿಸಿ ನೋಡಿದರೆ ಬರುವುದು 69 ಸಿಸಿ. ಈ ಜಾತಿಯ ಚೀನಾ ಕಿಟ್‌ಗಳನ್ನು ‘ಎಂಬತ್ತು’ ಎಂದು ಮಾರುವುದು ಎಲ್ಲೆಡೆ ಇರುವ ರೂಢಿ. ಅದಕ್ಕಾಗಿ ನಾನು ಜಗಳವಾಡುವುದಿಲ್ಲ. ಜಗಳವಿರುವುದು ಆ ಐವತ್ತರ ಮಾತಿನೊಂದಿಗೆ. ಎಂಜಿನ್ನಿನ ಒಳಗಿನ ಗೇರು 4.1ಕ್ಕೆ ಒಂದು, ಹೊರಗೆ 10 ಹಲ್ಲಿನ ಚಕ್ರಕ್ಕೆ 44 ಹಲ್ಲಿನದು ಜೋಡಿ. ಎರಡೂ ಸೇರಿ ಎಂಜಿನ್ 18 ಸುತ್ತು ತಿರುಗಿದರೆ ಹಿಂದಿನ ಚಕ್ರ ಒಂದು ಸುತ್ತು. 28 ಇಂಚಿನ ಚಕ್ರ ಒಂದು ಸುತ್ತಿಗೆ ಸಾಗುವುದು ಸುಮಾರು 2.2 ಮೀಟರ್. ಹಾಗಾದರೆ 30 ಕಿ.ಮೀ. ವೇಗಕ್ಕೆ ಎಂಜಿನ್ ನಿಮಿಷಕ್ಕೆ 4,100 ಸುತ್ತು ತಿರುಗಬೇಕು, 50 ಕಿ.ಮೀ.ಗೆ 6,800. ಗಾಳಿಯಿಂದಲೇ ತಣ್ಣಗಾಗಬೇಕಾದ, ಪೆಟ್ರೋಲಿಗೆ ಬೆರೆಸಿದ ಎಣ್ಣೆಯನ್ನೇ ನಂಬಿಕೊಂಡ ಟೂ ಸ್ಟ್ರೋಕ್ ಎಂಜಿನ್ನನ್ನು ಗಂಟೆಗಟ್ಟಲೆ 6,800ರಲ್ಲಿ ಓಡಿಸಿ ಎಂದು ಹೇಳುವವನು ಅದನ್ನು ಒಮ್ಮೆಯೂ ದೂರ ಓಡಿಸಿ ನೋಡಿದವನಲ್ಲ. ಈ ಲೆಕ್ಕಕ್ಕೆ ಹೈಸ್ಕೂಲಿನ ಗಣಿತ ಸಾಕು. ನಾನು ಅವರೆದುರಿಗೇ ಮಾಡಿ ತೋರಿಸಿದೆ. ನಕ್ಕರು.

ಮುಂದಿನದು ಕಾನೂನಿನ ಮಾತು. ‘ಐವತ್ತು ಸಿಸಿ ಆಸುಪಾಸಿನದಕ್ಕೆ ಲೈಸೆನ್ಸೂ ಬೇಡ, ನಂಬರೂ ಬೇಡ’ ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರು. ಇದು ಎರಡು ಬೇರೆ ಬೇರೆ ನಿಯಮಗಳ ಕಲಬೆರಕೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ 50 ಸಿಸಿಯ ಮಾತು ಬರುವುದು ವಯಸ್ಸಿನ ವಿಷಯದಲ್ಲಿ: ಅಷ್ಟರೊಳಗಿನ ದ್ವಿಚಕ್ರವನ್ನು 16 ವರ್ಷ ತುಂಬಿದವರು ಓಡಿಸಬಹುದು, ಆದರೆ ಲೈಸೆನ್ಸ್ ಪಡೆದೇ. ಪೆಟ್ರೋಲ್ ಗಾಡಿಗಳಲ್ಲಿ ಮೋಟಾರು ವಾಹನವೆಂಬ ಲೆಕ್ಕದಿಂದಲೇ ಹೊರಗುಳಿಯುವುದು 25 ಸಿಸಿ ಮೀರದ ಎಂಜಿನ್ ಇದ್ದು, ನಾಲ್ಕಕ್ಕಿಂತ ಕಡಿಮೆ ಚಕ್ರವಿರುವ ಗಾಡಿ ಮಾತ್ರ. 69 ಸಿಸಿಯ ಸೈಕಲ್ ಕಾನೂನಿನ ಕಣ್ಣಿಗೆ ಪೂರ್ತಿ ಮೋಟಾರ್ ಸೈಕಲ್. ಅದಕ್ಕೆ ನೋಂದಣಿ ಬೇಕು, ವಿಮೆ ಬೇಕು. ಹೊಸ ಗಾಡಿಯ ನೋಂದಣಿಗೆ ತಯಾರಕರ ಯೋಗ್ಯತಾ ಪತ್ರ ಬೇಕು. ಗ್ಯಾರೇಜಿನಲ್ಲಿ ಹುಟ್ಟಿದ ಗಾಡಿಗೆ ಆ ಪತ್ರ ಬರೆಯುವವರಿಲ್ಲ. ನೋಂದಣಿಯಿಲ್ಲದೆ ಓಡಿಸಿದರೆ ಮೊದಲ ಸಲಕ್ಕೆ ₹5,000ದವರೆಗೆ ದಂಡ, ವಿಮೆಯಿಲ್ಲದೆ ಓಡಿಸಿದರೆ ₹2,000 ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ದಂಡ ಹೇಗೋ ಕಟ್ಟಬಹುದು. ಭರಮಸಾಗರದ ಬಳಿ ರಸ್ತೆ ದಾಟುವ ಯಾರಿಗಾದರೂ ಡಿಕ್ಕಿ ಹೊಡೆದರೆ ನ್ಯಾಯಮಂಡಳಿ ವಿಧಿಸುವ ಪರಿಹಾರವಿದೆಯಲ್ಲ, ಅದು ಇಡಿಯಾಗಿ ನಿಮ್ಮ ಹೊಲದ ಮೇಲೆ, ಮನೆಯ ಮೇಲೆ ಬೀಳುತ್ತದೆ. 2019ರ ತಿದ್ದುಪಡಿಯ ನಂತರ ನಿಯಮ ಮೀರಿ ಗಾಡಿ ಮಾಡಿ ಮಾರುವವನಿಗೂ ಒಂದೊಂದು ಗಾಡಿಗೆ ಒಂದು ಲಕ್ಷ ರೂಪಾಯಿ ದಂಡವಿದೆ. ಅದನ್ನು ತಿಳಿಸಿದ ದಿನ ಮಾಲೀಕರು ನಗಲಿಲ್ಲ. ಆದರೆ ಉಳಿದ ಹಣ ಕೊಟ್ಟು ಗಾಡಿ ಒಯ್ಯಿರಿ, ಮುಂಗಡ ಮರಳಿಸುವ ಪದ್ಧತಿ ನಮ್ಮಲ್ಲಿಲ್ಲ ಎಂದರು.

ಇನ್ನು ಆ ಎಡಬದಿ. ಪೆಡಲಿನ ಚೈನು ಬಲಕ್ಕೆ ಇರುವುದರಿಂದ ಎಂಜಿನ್ನಿನ ಚೈನು ಎಡಕ್ಕೆ ಬರುತ್ತದೆ. ಎಡಕ್ಕೆ ಹಲ್ಲಿನ ಚಕ್ರ ಕೂರಲು ಸೈಕಲ್ಲಿನ ಹಬ್ಬಿನಲ್ಲಿ, ಅಂದರೆ ಕಡ್ಡಿಗಳು ಸೇರುವ ಚಕ್ರದ ನಡುಭಾಗದಲ್ಲಿ, ಜಾಗವಿಲ್ಲ. ಕಿಟ್ ಮಾಡಿದವರು ಕಂಡುಕೊಂಡ ಉಪಾಯವೆಂದರೆ ಕಡ್ಡಿಗಳಿಗೇ ಅದನ್ನು ಬಿಗಿಯುವುದು: ಕಡ್ಡಿಗಳ ಒಳಗೊಂದು ರಬ್ಬರ್ ಬಳೆ, ಹೊರಗೊಂದು ರಬ್ಬರ್ ಬಳೆ, ನಡುವೆ ತೂರಿದ ಒಂಬತ್ತು ಬೋಲ್ಟು. ಈ ಒಂಬತ್ತು ಬೋಲ್ಟಿನ ಲೆಕ್ಕ 36 ಕಡ್ಡಿಯ ಚಕ್ರದ್ದು, ನಾಲ್ಕು ಕಡ್ಡಿಗೊಂದು ಬೋಲ್ಟು. ನಮ್ಮ ಕಪ್ಪು ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಇರುವುದು 40 ಕಡ್ಡಿ. ಬೋಲ್ಟುಗಳು ಸಂದಿಗೆ ಕೂರಲೇ ಇಲ್ಲ. ವರ್ಕ್‌ಶಾಪಿನವರು ಕಡ್ಡಿಗಳನ್ನೇ ಬಗ್ಗಿಸಿ ಬೋಲ್ಟಿಗೆ ದಾರಿ ಮಾಡಿದ್ದರು, ಎರಡು ಕಡೆ ಬೋಲ್ಟನ್ನೇ ಬಿಟ್ಟಿದ್ದರು. ಲೋಹ ಕಡೆಯುವ ಲೇತು ಯಂತ್ರಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಯೇ ಇದ್ದ ಹರಿಹರ ಪಕ್ಕದಲ್ಲಿದೆ. ಅಲ್ಲಿ ಯಾವ ಲೇತಿನವನನ್ನು ಕೇಳಿದರೂ ಹಬ್ಬಿಗೆ ಹಿಡಿಯುವ ಬಳೆಯೊಂದನ್ನು ಕಡೆದು ಕೊಡುತ್ತಿದ್ದ. ಕೇಳುವ ತೊಂದರೆಯನ್ನು ಯಾರೂ ತೆಗೆದುಕೊಂಡಿರಲಿಲ್ಲ. ಹೀಗೆ ಕೂತ ಹಲ್ಲಿನ ಚಕ್ರ ನೇರವಾಗಿ ತಿರುಗುವುದಿಲ್ಲ, ಓಲಾಡುತ್ತದೆ. ಓಲಾಡಿದಂತೆ ಚೈನು ಒಮ್ಮೆ ಬಿಗಿ, ಒಮ್ಮೆ ಸಡಿಲ.

ಸಡಿಲವನ್ನು ಮುಚ್ಚಲು ಎರಡನೆಯ ತೇಪೆ ಬರುತ್ತದೆ, ಅದೇ ಟೆನ್ಷನರ್. ತುದಿಯಲ್ಲೊಂದು ಗಾಲಿ ಇರುವ ಪಟ್ಟಿ. ಚೈನನ್ನು ಒತ್ತಿ ಹಿಡಿಯುವುದು ಅದರ ಕೆಲಸ. ಅದನ್ನು ಹಿಂಚಕ್ರದ ಪಕ್ಕದ ಕೊಳವೆಗೆ ಎರಡು ಬೋಲ್ಟಿನಿಂದ ಕಚ್ಚಿಸಿರುತ್ತಾರೆ. ಕೊಳವೆ ದುಂಡಗೆ, ಅದರ ಮೇಲೆ ಬಣ್ಣ, ಎಂಜಿನ್ನಿನದು ನಿಲ್ಲದ ನಡುಕ. ನಡುಕಕ್ಕೆ ಬೋಲ್ಟು ಕೂದಲೆಳೆಯಷ್ಟು ಸಡಿಲವಾದರೂ ಪಟ್ಟಿ ಕೊಳವೆಯ ಸುತ್ತ ಒಳಕ್ಕೆ ಹೊರಳುತ್ತದೆ. ಒಳಗಿರುವುದು ತಿರುಗುತ್ತಿರುವ ಕಡ್ಡಿಗಳು.

ಆನಗೋಡು ದಾಟುವವರೆಗೆ ಗಾಡಿ ಚೆನ್ನಾಗಿಯೇ ಓಡಿತು. ಹಾಗೆಂದು ಬರೆಯದಿದ್ದರೆ ಸುಳ್ಳಾಗುತ್ತದೆ. ಆ ಸುಖಕ್ಕೇ ಜನ ಮರುಳಾಗುವುದು. ಮೆಕ್ಕೆಜೋಳ ಕೊಯ್ಲಿನ ಕಾಲ. ನಡುನಡುವೆ ನಿಂತು ನಟ್ಟುಗಳನ್ನು ಮುಟ್ಟಿ ನೋಡುತ್ತಿದ್ದೆ. ಸೈಲೆನ್ಸರಿನದು ಸಡಿಲ, ಮುಂದಿನ ಮಡ್‌ಗಾರ್ಡಿನದು ಮಾಯ. ಟೆನ್ಷನರನ್ನೂ ಬಿಗಿ ಮಾಡಿದೆ. ಹೆದ್ದಾರಿಯಲ್ಲಿ ಲಾರಿಗಳ ಸಾಲು ಹೆಚ್ಚಾದದ್ದರಿಂದ ಸರ್ವಿಸ್ ರಸ್ತೆಗೆ ಇಳಿದೆ. ಭರಮಸಾಗರಕ್ಕೆ ಇನ್ನೂ ದಾರಿಯಿತ್ತು. ಹಿಂದೆ ‘ಟಕ್’ ಎಂದಿತು, ನಂತರ ಹಲವು ಕಡ್ಡಿಗಳು ಒಟ್ಟಿಗೇ ಮುರಿದ ಸದ್ದು. ಟೆನ್ಷನರಿನ ಗಾಲಿ ಕಡ್ಡಿಗಳ ನಡುವೆ ಹೊಕ್ಕು ಹಿಂದಿನ ಚಕ್ರ ನಿಂತೇಹೋಯಿತು. ಕ್ಲಚ್ ಹಿಡಿದರೆ ಎಂಜಿನ್ ಬಿಡುತ್ತದೆ, ಚಕ್ರ ಬಿಡುವುದಿಲ್ಲ. ಬಾಲ ಎಡಕ್ಕೆ ಎಳೆಯಿತು, ನಾನು ಒಣಗಲು ಹರಡಿದ್ದ ಮೆಕ್ಕೆಜೋಳದ ಮೇಲೆ ಜಾರಿ ಭುಜ ಊರಿ ಬಿದ್ದೆ. ರಸ್ತೆಯ ಮೇಲೆ ಜೋಳ ಹರಡುವವರನ್ನು ಬೈಯುವುದು ನನ್ನ ಹಳೆಯ ಅಭ್ಯಾಸ. ಅಂದು ಬೈಯಲಿಲ್ಲ. ಜೋಳ ಕಾಯುತ್ತಿದ್ದ ತಾಯಿಯೊಬ್ಬರೇ ಗೋಣಿಚೀಲವನ್ನು ತಲೆದಿಂಬು ಮಾಡಿ ಮಲಗಿಸಿ, ಮಗನನ್ನು ಕೂಗಿ ಕರೆದು ಆಟೋ ತರಿಸಿದರು. ಇದೇ ಘಟನೆ ಹೆದ್ದಾರಿಯಲ್ಲಿ ಆಗಿದ್ದರೆ ಹಿಂದಿನ ಲಾರಿಯವನಿಗೆ ಬ್ರೇಕ್ ಒತ್ತಲು ಸಮಯ ಸಿಗುತ್ತಿರಲಿಲ್ಲ.

ಬ್ರೇಕ್ ಎಂದಾಗ ನೆನಪಾಯಿತು. ಆ ಸೈಕಲ್ಲಿನ ಹಿಂದಿನ ಬ್ರೇಕಿನ ಸರಳು ಎಂಜಿನ್ ಕೂರುವ ಜಾಗದಲ್ಲಿಯೇ ಹಾದುಹೋಗುತ್ತದೆ. ವರ್ಕ್‌ಶಾಪಿನವರು ಅದನ್ನು ಕಿತ್ತು, ಪಕ್ಕದಿಂದ ಹಿಡಿಯುವ ಕೇಬಲ್ ಬ್ರೇಕ್ ಹಾಕಿದ್ದರು. ಸರಳಿನ ಬ್ರೇಕಿನ ರಿಮ್ಮಿಗೆ ಪಕ್ಕೆ ದುಂಡಗಿರುತ್ತದೆ. ಅಲ್ಲಿ ರಬ್ಬರಿಗೆ ಹಿಡಿತವಿಲ್ಲ. ಅಂದರೆ ತುಳಿಯುವ ಸೈಕಲ್ಲಿಗೆ ಇದ್ದ ಬ್ರೇಕೂ ಎಂಜಿನ್ ಬಂದ ಮೇಲೆ ಉಳಿಯಲಿಲ್ಲ. 15 ಕಿ.ಮೀ. ವೇಗದ ಸೈಕಲ್ಲನ್ನು ನಿಲ್ಲಿಸುವುದಕ್ಕೆ ಹೋಲಿಸಿದರೆ 40 ಕಿ.ಮೀ. ವೇಗದಲ್ಲಿ ಅದೇ ಬ್ರೇಕು ಏಳು ಪಟ್ಟು ಶಕ್ತಿಯನ್ನು ನುಂಗಬೇಕು. ಎಂಜಿನ್ನಿನ, ಪೆಟ್ರೋಲಿನ ತೂಕ ಬೇರೆ.

ವರ್ಕ್‌ಶಾಪಿನ ಉತ್ತರ ಚಿಕ್ಕದಾಗಿತ್ತು: ‘ಬೋಲ್ಟು ನೀವು ಮುಟ್ಟಿದ್ದೀರಿ, ಇನ್ನು ನಮ್ಮ ಜವಾಬ್ದಾರಿಯಿಲ್ಲ.’ ಮುಟ್ಟದಿದ್ದರೆ ‘ಯಾಕೆ ಬಿಗಿ ಮಾಡಲಿಲ್ಲ’ ಎನ್ನುತ್ತಿದ್ದರು. ರಸೀದಿ ತೆಗೆದು ನೋಡಿದರೆ ಅದರಲ್ಲಿ ಇದ್ದದ್ದು ‘ಸೈಕಲ್ ರಿಪೇರಿ’ ಎಂಬ ಎರಡೇ ಪದ, ಮೊತ್ತ, ಒಂದು ಗೀಚು. ಎಂಜಿನ್ನಿನ ಹೆಸರಿಲ್ಲ, ತೆರಿಗೆಯ ಸಂಖ್ಯೆಯಿಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ದೂರು ಸಿದ್ಧವಾಗುತ್ತಿದೆ. ಆದರೆ ‘ಸೈಕಲ್ ರಿಪೇರಿ’ಯ ಚೀಟಿಯಿಂದ ಎಂಜಿನ್ ಮಾರಿದ್ದನ್ನು ಸಾಬೀತು ಮಾಡುವ ಕಷ್ಟ ವಕೀಲರಿಗೇ ಗೊತ್ತು. ಯಾವುದನ್ನೇ ಮಾಡಿಸಿ, ಏನು ಮಾಡಿಕೊಟ್ಟರು ಎಂಬುದನ್ನು ರಸೀದಿಯಲ್ಲಿ ಬರೆಸದೆ ಹಣ ಕೊಡಬೇಡಿ.

ದೂರ ಹೋಗುವ ಆಸೆಗೆ ಬೇರೆ ದಾರಿಗಳಿವೆ. ₹28,000ಕ್ಕೆ ನಮ್ಮೂರಿನಲ್ಲಿಯೇ ಹಳೆಯ ಟಿವಿಎಸ್ ಎಕ್ಸ್‌ಎಲ್ ಸಿಗುತ್ತದೆ, ಆರ್‌ಸಿ ಸಮೇತ. ರೈತರು ಎರಡು ಮೂಟೆ ಹೇರಿಕೊಂಡು ದಿನವೂ ಓಡಿಸುವ ಗಾಡಿ ಅದು. ಅದರ ಚಕ್ರ, ಬ್ರೇಕು, ಚೈನು ಎಲ್ಲವನ್ನೂ ಎಂಜಿನ್ನಿಗೆಂದೇ ಮಾಡಿರುತ್ತಾರೆ. ನೋಡಲು ಚೆಂದವಿಲ್ಲ ಎನ್ನುವ ಗೆಳೆಯರಿದ್ದಾರೆ, ಇರಲಿ. ತುಳಿಯುವ ಸುಖವೇ ಬೇಕು, ಏರಿನಲ್ಲಿ ಮಾತ್ರ ಆಸರೆ ಬೇಕು ಎನ್ನುವವರಿಗೆ 250 ವ್ಯಾಟ್ ಮೀರದ, 25 ಕಿ.ಮೀ. ವೇಗದೊಳಗಿನ ಬ್ಯಾಟರಿ ಸೈಕಲ್ಲುಗಳಿವೆ. ಅವುಗಳಿಗೆ ನೋಂದಣಿಯ ರಗಳೆಯಿಲ್ಲ.

ಈಗಾಗಲೇ ಎಂಜಿನ್ ಕೂರಿಸಿಕೊಂಡು ಓಡಾಡುತ್ತಿರುವವರು ಇಂದೇ ಒಂದು ಕೆಲಸ ಮಾಡಿ. ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ, ಟೆನ್ಷನರಿನ ಪಟ್ಟಿಯನ್ನು ಕೈಯಿಂದ ಚಕ್ರದ ಕಡೆಗೆ ಜೋರಾಗಿ ತಳ್ಳಿ ನೋಡಿ. ಸ್ವಲ್ಪ ಅಲುಗಾಡಿದರೂ ಕಿತ್ತುಹಾಕಿ. ಚೈನಿನ ಒಂದು ಕೊಂಡಿ ತೆಗೆಸಿ, ಬೇಕಾದರೆ ಅರ್ಧ ಕೊಂಡಿ ಹಾಕಿಸಿ, ಟೆನ್ಷನರ್ ಇಲ್ಲದೆಯೇ ಚೈನು ಸರಿಯಾಗಿ ನಿಲ್ಲುವಂತೆ ಮಾಡಿಸಿಕೊಳ್ಳಿ. ಅದು ಆಗದಿದ್ದರೆ ಎಂಜಿನ್ ಇಳಿಸಿ, ಸರಳಿನ ಬ್ರೇಕನ್ನು ವಾಪಸ್ ಹಾಕಿಸಿ, ತುಳಿದುಕೊಂಡೇ ಹೋಗಿ.